ಕೆರೆ ತುಂಬಿದ ಮೇಲೆ ಗೋಡೆಗೆ ಹತ್ತಿದ ಉಪ್ಪು: ಕೋಲಾರ ತಾಲ್ಲೂಕಿನ ಒಂದು ತೊಟ್ಟಿ ಮನೆಯ ದುರಸ್ತಿ

ಕೋಲಾರ ತಾಲ್ಲೂಕಿನ ಒಂದು ಹಳ್ಳಿ. ಕೆರೆ ಏರಿಯಿಂದ ಕೂಗಳತೆಯಲ್ಲಿ, ಗದ್ದೆ ಬಯಲಿನ ಕಡೆಯ ಇಳಿಜಾರಿನಲ್ಲಿ, ನೂರು ವರ್ಷ ದಾಟಿದ ತೊಟ್ಟಿ ಮನೆ. ವಾಸ ಇರುವುದು ವಯಸ್ಸಾದ ಗಂಡ ಹೆಂಡತಿ ಇಬ್ಬರೇ, ಮಕ್ಕಳು ಬೆಂಗಳೂರಿನಲ್ಲಿ. ಮೂವತ್ತು ವರ್ಷ ಅಲುಗದ ಗಾರೆ ಎರಡು ಮೂರು ಮಳೆಗಾಲದೊಳಗೆ ಎದೆಮಟ್ಟದಲ್ಲಿ ಉಬ್ಬಿ ಹಪ್ಪಳದಂತೆ ಕಳಚತೊಡಗಿತ್ತು. ಕಳಚಿದ ಜಾಗದಲ್ಲಿ ಬಿಳಿ ನೂಲು ನೂಲಾಗಿ ಏನೋ ಬೆಳೆಯುತ್ತಿತ್ತು. ಮನೆಯವರು ಅದನ್ನು ಬೂಷ್ಟು ಅಂದುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಬೀದಿ ಬದಿಯ ಗೋಡೆ ಒಂದು ಕಡೆ ಹೊಟ್ಟೆ ಬಿಟ್ಟಿತ್ತು. ತೊಟ್ಟಿಯ ಎಂಟು ಕಂಬಗಳಲ್ಲಿ ಒಂದು ಒಂದಿಂಚಿನಷ್ಟು ಕುಸಿದಿತ್ತು. ನೋಡಿಹೋದ ಮೇಸ್ತ್ರಿಗಳೆಲ್ಲ ಹೇಳಿದ್ದು ಒಂದೇ ಮಾತು: "ಮನೆಗೆ ವಯಸ್ಸಾಯ್ತು ಯಜಮಾನ್ರೇ, ಕೆಡವಿ ಆರ್‌ಸಿಸಿ ಹಾಕ್ಸಿ."

ವಯಸ್ಸಿನಿಂದ ಆದದ್ದಾದರೆ ಎಲ್ಲ ಗೋಡೆಗಳೂ ಒಂದೇ ತರ ಹಾಳಾಗಬೇಕಿತ್ತು. ಇಲ್ಲಿ ಸಿಮೆಂಟ್ ಬಳಿದ ಗೋಡೆಗಳು ಹಾಳಾಗಿದ್ದವು. ಯಾರೂ ಮುಟ್ಟದೆ ಬಿಟ್ಟಿದ್ದ ಹಿಂಭಾಗದ ಉಗ್ರಾಣದ ಗೋಡೆ ಹಳೇ ಸುಣ್ಣದ ಗಾರೆಯಲ್ಲೇ ನೆಟ್ಟಗೆ ನಿಂತಿತ್ತು.

ಕೋಲಾರದ ಕೆರೆಗಳು ದಶಕಗಟ್ಟಲೆ ಒಣಗಿ ಜಾಲಿ ಬೆಳೆದಿದ್ದದ್ದು ಎಲ್ಲರೂ ಕಂಡದ್ದೇ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಇತ್ತ ಹರಿಸುವ ಕೆ.ಸಿ. ವ್ಯಾಲಿ ನೀರು 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಎಂಬುದು ಯೋಜನೆಯ ಲೆಕ್ಕ. ಈ ಊರಿನ ಕೆರೆಗೂ ನೀರು ಬಂದು ನಿಂತ ಮೇಲೆ, ಕಸ ತುಂಬಿದ್ದ ಹಿತ್ತಲ ಬಾವಿಯಲ್ಲಿ ನೆಲದಿಂದ ಎಂಟು ಅಡಿಯ ಆಳಕ್ಕೇ ನೀರು ಕಾಣಿಸಿಕೊಂಡಿತು. ಮಳೆಗಾಲದಲ್ಲಿ ಐದು ಅಡಿಗೆ ಏರುತ್ತದೆ. ಮನೆಯ ತಳಪಾಯದ ಆಳ ಮೂರೂವರೆ ಅಡಿ. ನಡುವೆ ಇರುವುದು ಜಿಗುಟು ಕೆಮ್ಮಣ್ಣು. ಅಂಥ ಮಣ್ಣು ಕೆಳಗಿನ ನೀರನ್ನು ಇಷ್ಟೆತ್ತರ ಎಳೆದು ತಳಪಾಯಕ್ಕೆ ಮುಟ್ಟಿಸುವುದು ದೊಡ್ಡ ಮಾತಲ್ಲ.

ಒಣಗಾಲದಲ್ಲಿ ಬಳಿದ ಸಿಮೆಂಟ್ ಒಣಗಾಲದಲ್ಲಿ ಯಾರಿಗೂ ತೊಂದರೆ ಕೊಡಲಿಲ್ಲ. ಜವುಗು ಬಂದ ಮೇಲೆ ಅದರ ಬಣ್ಣ ಬಯಲಾಯಿತು.

ಮನೆಯ ಕಟ್ಟು

ಪೂರ್ವದ ಬಾಗಿಲು. ಮುಂದೆ ಕಲ್ಲುಕಂಬದ ಜಗಲಿ, ಅದಕ್ಕೆ ಮಂಗಳೂರು ಹೆಂಚಿನ ಇಳಿಮಾಡು. ತಲೆಬಾಗಿಲು ದಾಟಿದರೆ ಪಡಸಾಲೆ, ನಡುವೆ ಹತ್ತಡಿ ಎಂಟಡಿಯ ತೊಟ್ಟಿ, ಸುತ್ತ ಮರದ ಕಂಬ, ಬೋದಿಗೆ, ತೊಲೆ. ತೆಂಕಣ ಪಕ್ಕದಲ್ಲಿ ಮನೆಯೊಳಗೇ ದನದ ಕೊಟ್ಟಿಗೆ. ಬಡಗಣದಲ್ಲಿ ದೇವರಮನೆ, ಅಡುಗೆಮನೆ. ನಡುಮನೆ ಕೋಣೆಗಳ ಮೇಲೆ ಮದ್ರಾಸ್ ತಾರಸಿ, ಸುಮಾರು ನಾಲ್ಕು ಚದರ (ನಾನೂರು ಚದರಡಿ). ಅಡುಗೆಮನೆ, ಕೊಟ್ಟಿಗೆಗಳ ಮೇಲೆ ಮಣ್ಣಿನ ಮಾಳಿಗೆ.

ಗೋಡೆ ಎರಡು ಅಡಿ ದಪ್ಪ. ನೆಲದಿಂದ ನಾಲ್ಕು ಅಡಿಯವರೆಗೆ ಕಾಡುಕಲ್ಲು, ಮಣ್ಣಿನ ಕೆಸರಲ್ಲಿ ಕಟ್ಟಿದ್ದು. ಅದರ ಮೇಲೆ ಹಸಿ ಇಟ್ಟಿಗೆ. ಹೊರಗೂ ಒಳಗೂ ಸುಣ್ಣದ ಗಾರೆ. ತೊಂಬತ್ತರ ದಶಕದಲ್ಲಿ ಎರಡೂ ಬದಿಗೆ ನಾಲ್ಕೂವರೆ ಅಡಿ ಎತ್ತರದವರೆಗೆ ಸಿಮೆಂಟ್ ಗಾರೆ ಬಂತು. ಆಮೇಲೆ ನಡುಮನೆಗೆ ವಿಟ್ರಿಫೈಡ್ ಟೈಲ್ಸ್. ಬೀದಿಗೆ ಒಂದರ ಮೇಲೊಂದು ಎರಡು ಸಲ ಸಿಸಿ ರಸ್ತೆ ಬಿದ್ದು, ಜಗಲಿಗೆ ಹತ್ತಲು ಇದ್ದ ಮೂರು ಮೆಟ್ಟಿಲಲ್ಲಿ ಒಂದು ಪೂರ್ತಿ ಹೂತಿತ್ತು. ಹಳ್ಳಿಯ ಹಳೇ ಮನೆಗಳಿಗೆ ಈ ರಸ್ತೆ ಮಾಡುವಷ್ಟು ಹಾನಿಯನ್ನು ಮಳೆ ಮಾಡುವುದಿಲ್ಲ. ಹಳೆಯದನ್ನು ಅಗೆದು ತೆಗೆಯದೆ ಅದರ ಮೇಲೇ ಹೊಸದು ಸುರಿಯುತ್ತಾರೆ, ಮನೆಯ ತಳ ಬೀದಿಗಿಂತ ತಗ್ಗಾಗುತ್ತದೆ.

ಕಡಲ ಉಪ್ಪು, ಬಯಲುಸೀಮೆ ಉಪ್ಪು

ಗೋಡೆಗೆ ಉಪ್ಪು ಹಿಡಿಯುವುದು ಎಂದರೆ ಎಲ್ಲರಿಗೂ ಕರಾವಳಿಯ ಹಳೇ ಮನೆಗಳೇ ಕಣ್ಣಮುಂದೆ ಬರುತ್ತವೆ. ಅಲ್ಲಿ ಉಪ್ಪು ಗಾಳಿಯಲ್ಲಿ ಬರುತ್ತದೆ, ಹೆಚ್ಚಿನ ಪಾಲು ಅಡುಗೆ ಉಪ್ಪೇ, ಸೋಡಿಯಂ ಕ್ಲೋರೈಡ್. ಗಾಳಿಯ ತೇವಾಂಶ ನೂರಕ್ಕೆ 75 ದಾಟಿದರೆ ಈ ಉಪ್ಪು ತಾನೇ ನೀರೊಡೆಯುತ್ತದೆ, ಅದಕ್ಕಿಂತ ಇಳಿದರೆ ಹರಳುಗಟ್ಟುತ್ತದೆ. ಕರಾವಳಿಯ ಗಾಳಿ ವರ್ಷದ ಬಹುಪಾಲು ತೇವವಾಗಿರುವುದರಿಂದ ಉಪ್ಪು ಗೋಡೆಯೊಳಗೆ ಕರಗಿಯೇ ಉಳಿಯುವುದು ಹೆಚ್ಚು. ಕೋಲಾರದಲ್ಲಿ ಮಳೆಗಾಲದ ರಾತ್ರಿ 75 ದಾಟುವ ತೇವ ಬೇಸಿಗೆ ಮಧ್ಯಾಹ್ನ 40ಕ್ಕೂ ಕೆಳಗೆ ಹೋಗುತ್ತದೆ. ಕರಗು, ಹರಳಾಗು, ಮತ್ತೆ ಕರಗು. ಪ್ರತಿ ಸುತ್ತಿನಲ್ಲೂ ಹರಳು ಬೆಳೆದು ಗಾರೆಯ ಸಂದುಗಳನ್ನು ಒಳಗಿನಿಂದ ಒಡೆಯುತ್ತದೆ. ಉಪ್ಪು ಕಡಿಮೆ ಇದ್ದರೂ ಏಟು ಜಾಸ್ತಿ.

ಇನ್ನೊಂದು ವ್ಯತ್ಯಾಸ ಕಲ್ಲಿನದು. ಕರಾವಳಿಯ ಮುರಕಲ್ಲು ತಾನೇ ನೀರು ಕುಡಿಯುತ್ತದೆ, ಉಪ್ಪು ಸೇರಿ ಕಲ್ಲೇ ಪುಡಿಯಾಗುತ್ತದೆ. ಇಲ್ಲಿಯ ಗ್ರಾನೈಟ್ ಹೆಚ್ಚುಕಡಿಮೆ ಏನೂ ಕುಡಿಯುವುದಿಲ್ಲ. ಇಡೀ ನೀರು, ಇಡೀ ಉಪ್ಪು ಸಂದಿನ ಮಣ್ಣಿನ ಮೂಲಕವೇ ಏರಬೇಕು. ಕಲ್ಲು ಹೊಚ್ಚಹೊಸದರಂತೆ ಕಾಣುತ್ತದೆ. ಅದನ್ನು ಹಿಡಿದ ಮಣ್ಣು ಹಿಟ್ಟಾಗಿರುತ್ತದೆ. ಹೊಟ್ಟೆ ಬಿಟ್ಟ ಗೋಡೆಯಲ್ಲಿ ಆದದ್ದು ಅದೇ.

ಉಪ್ಪಿನ ಜಾತಿಯೂ ಬೇರೆ. ಕೊಟ್ಟಿಗೆ ಬದಿಯಲ್ಲಿ ನೂರು ವರ್ಷದ ಗಂಜಲ ನೈಟ್ರೇಟ್ ಆಗಿ ಕೂತಿದೆ. ಸಿಮೆಂಟ್ ಗಾರೆ ತನ್ನ ಪಾಲಿನ ಸಲ್ಫೇಟ್, ಸೋಡಿಯಂ, ಪೊಟ್ಯಾಸಿಯಂ ತಂದಿದೆ. ಇವುಗಳಲ್ಲಿ ಸೋಡಿಯಂ ಸಲ್ಫೇಟ್ ಅತಿ ಕೆಟ್ಟದ್ದು: ನೀರು ಹೀರಿ ಹರಳಾದಾಗ ಅದರ ಗಾತ್ರ ಸುಮಾರು ನಾಲ್ಕು ಪಟ್ಟಾಗುತ್ತದೆ, ಮತ್ತು ಆ ಬದಲಾವಣೆಯ ಗಡಿ 32.4 ಡಿಗ್ರಿ ಸೆಲ್ಸಿಯಸ್. ಬಿಸಿಲು ಬೀಳುವ ಗೋಡೆ ಈ ಗಡಿಯನ್ನು ಬೇಸಿಗೆಯಲ್ಲಿ ದಿನಕ್ಕೊಮ್ಮೆ ದಾಟುತ್ತದೆ.

ಯಾವ ಕಲೆ ಯಾವ ನೀರಿನದು

ಕೆಲಸ ಮುಟ್ಟುವ ಮುಂಚೆ ಪ್ರತಿ ಕಲೆಗೂ ನೀರಿನ ಮೂಲ ಗೊತ್ತಾಗಬೇಕು. ಮುಳ್ಳು ಚುಚ್ಚುವ ವಿದ್ಯುತ್ ತೇವಮಾಪಕ ಇಂಥ ಗೋಡೆಗೆ ಕೆಲಸಕ್ಕೆ ಬಾರದು. ಉಪ್ಪೂ ವಿದ್ಯುತ್ ಹರಿಸುತ್ತದೆ. ಒಣಗೋಡೆಗೂ ಅದು ತುಂಬು ತೇವ ಅಂತಲೇ ಹೇಳುತ್ತದೆ. ಪುಡಿ ತೆಗೆದು ತೂಗುವ ಹಳೇ ಪದ್ಧತಿಯೇ ನಂಬಿಕೆಯದು.

ಕಲ್ಲು ತಪ್ಪಿಸಿ ಸಂದಿಗೆ ಡ್ರಿಲ್ ಇಡಬೇಕು, ನಿಧಾನ ತಿರುಗಿಸಬೇಕು. ಬಿಟ್ ಬಿಸಿಯಾದರೆ ತೇವ ಅಲ್ಲೇ ಹಾರಿಹೋಗುತ್ತದೆ. ನೆಲದಿಂದ 1, 2, 3½, 5, 7 ಅಡಿ ಎತ್ತರದಲ್ಲಿ, ಒಂದೊಂದು ಕಡೆ 2, 10, 20 ಸೆಂ.ಮೀ. ಆಳದ ಪುಡಿ ಬೇರೆ ಬೇರೆ. ಹೊರಬಂದ ಕ್ಷಣವೇ ಬಿಗಿ ಮುಚ್ಚಳದ ಡಬ್ಬಿಗೆ. ಚಿನ್ನದಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ, 105 ಡಿಗ್ರಿ ಒಲೆಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿದರೆ ಒಟ್ಟು ತೇವ ಸಿಗುತ್ತದೆ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಎರಡನೇ ತೂಕವೇ ಮುಖ್ಯ. ಒಣಗಿದ ಅದೇ ಪುಡಿಯನ್ನು, ಕರಗಲಾರದಷ್ಟು ಅಡುಗೆ ಉಪ್ಪು ಹಾಕಿದ ನೀರಿನ ಬಟ್ಟಲಿನ ಜೊತೆ ಒಂದು ಮುಚ್ಚಿದ ಡಬ್ಬದಲ್ಲಿ ವಾರ ಇಡಬೇಕು. ಒಳಗಿನ ಗಾಳಿಯ ತೇವಾಂಶ 75ಕ್ಕೆ ನಿಲ್ಲುತ್ತದೆ. ಪುಡಿ ಆ ಗಾಳಿಯಿಂದಲೇ ಎಷ್ಟು ನೀರು ಹೀರಿತು ಅಂತ ತೂಗಿದರೆ, ಗೋಡೆಯ ತೇವದಲ್ಲಿ ಉಪ್ಪು ಗಾಳಿಯಿಂದ ಹೀರಿದ್ದೆಷ್ಟು, ನೆಲದಿಂದ ಏರಿದ್ದೆಷ್ಟು ಅಂತ ಬೇರೆಯಾಗುತ್ತದೆ.

ನಡುಮನೆಯ ಬಡಗಣ ಗೋಡೆಯಲ್ಲಿ ಒಂದಡಿ ಎತ್ತರ, 20 ಸೆಂ.ಮೀ. ಆಳದಲ್ಲಿ ನೂರಕ್ಕೆ 14 ತೇವ; ಗಾಳಿಯಿಂದ ಹೀರಬಲ್ಲದ್ದು 2 ಮಾತ್ರ. ಅಂದರೆ ಬಹುಪಾಲು ನೆಲದ ನೀರೇ. ಐದಡಿಯಲ್ಲಿ 6, ಅದರಲ್ಲಿ 5 ಉಪ್ಪಿನದು. ನೀರು ಸಿಮೆಂಟಿನ ಹಿಂದೆ ಆರಲಾಗದೆ ಮೇಲೇರಿ, ಸಿಮೆಂಟ್ ಮುಗಿದು ಸುಣ್ಣ ಶುರುವಾಗುವಲ್ಲಿ ಹೊರಬಂದು ಉಪ್ಪನ್ನು ಬಿಟ್ಟುಹೋಗುತ್ತಿತ್ತು; ಎದೆಮಟ್ಟದ ಉದುರುವಿಕೆಗೆ ಕಾರಣ ಇದು. ಕೊಟ್ಟಿಗೆ ಗೋಡೆಯಲ್ಲಿ ಮೂರಡಿ ಎತ್ತರದ ತೇವ ಹೆಚ್ಚುಕಡಿಮೆ ಪೂರ್ತಿ ಉಪ್ಪಿನದೇ. ಕ್ಯಾಲ್ಸಿಯಂ ನೈಟ್ರೇಟ್ ಗಾಳಿಯ ತೇವ ಐವತ್ತರ ಆಸುಪಾಸಿಗೆ ಬಂದರೇ ನೀರೊಡೆಯುತ್ತದೆ. ಮೋಡ ಕವಿದ ದಿನ ಆ ಗೋಡೆ ಕಪ್ಪಾಗಿ, ಬಿಸಿಲಿಗೆ ಬೆಳ್ಳಗಾಗುತ್ತಿದ್ದುದಕ್ಕೆ ಮಳೆ ಬೇಕಿರಲಿಲ್ಲ. ಬೀದಿ ಗೋಡೆಯ ಹೊರಮೈ ಮಳೆ ಬಂದ ಎರಡು ದಿನ ಮಾತ್ರ ಒದ್ದೆ: ರಸ್ತೆಯ ನೀರು.

ಇನ್ನು ಅಡುಗೆಮನೆ. ಅಲ್ಲಿ ಬಿಳಿ ಪುಡಿ ಗೋಡೆಯ ತಲೆಯಲ್ಲಿತ್ತು, ಏಳಡಿಯ ಮೇಲೆ. ನೆಲದ ನೀರು ಅಷ್ಟು ಏರುವುದಿಲ್ಲ. ಮಾಳಿಗೆ ಸೋರದಂತೆ ಬಯಲುಸೀಮೆಯಲ್ಲಿ ಮೇಲೆ ಚೌಳು ಮಣ್ಣು ಹರಡುವುದು ರೂಢಿ. ಅದರ ಸೋಡಿಯಂ ಜೇಡಿಯನ್ನು ಅರಳಿಸಿ ಸಂದು ಮುಚ್ಚುತ್ತದೆ, ನೀರು ನಿಲ್ಲುತ್ತದೆ. ಹಿಂದಿನವರ ಒಳ್ಳೇ ಉಪಾಯ. ಆದರೆ ವರ್ಷಕ್ಕೊಮ್ಮೆ ಮಣ್ಣು ಎಳೆಯುವವರು ಇರಬೇಕು. ಎಳೆಯುವುದು ನಿಂತು ಬಿರುಕು ಬಿಟ್ಟಾಗ ಮಳೆನೀರು ಆ ಚೌಳನ್ನೇ ಕರಗಿಸಿಕೊಂಡು ಗೋಡೆಯ ತಲೆಗೆ ಇಳಿಯಿತು.

ಹೀಗೆ ಒಂದೇ ಮನೆಯ ಬಿಳಿ ಕಲೆಗೆ ನಾಲ್ಕು ಮೂಲ. ನಾಲ್ಕಕ್ಕೂ ಒಂದೇ ಔಷಧಿ ಬರೆಯುವುದು ಗುತ್ತಿಗೆದಾರರ ಅಭ್ಯಾಸ. ಬಂದ ಸಲಹೆಗಳು ಎರಡು. ಒಂದು, ಐದಡಿವರೆಗೆ ಗೋಡೆಗೆ ಟೈಲ್ಸ್ ಹಚ್ಚುವುದು. ಹಚ್ಚಿದ್ದರೆ ಉಪ್ಪು ಟೈಲ್ಸ್‌ಗಿಂತ ಮೇಲಕ್ಕೆ ಏರುತ್ತಿತ್ತು, ಅಲ್ಲಿರುವುದು ಹಸಿ ಇಟ್ಟಿಗೆ, ಅದು ಒದ್ದೆಯಾದರೆ ಕುಸಿಯುತ್ತದೆ. ಇನ್ನೊಂದು, ಬುಡದಲ್ಲಿ ರಂಧ್ರ ಕೊರೆದು ಸಿಲಿಕೋನ್ ಜಾತಿಯ ರಾಸಾಯನಿಕ ಚುಚ್ಚುವುದು. ಸಮನಾದ ಇಟ್ಟಿಗೆ ಗೋಡೆಗೆ ಅದು ನಡೆದೀತು. ಕಾಡುಕಲ್ಲಿನ ಗೋಡೆಯ ಹೊಟ್ಟೆಯಲ್ಲಿ ಖಾಲಿ ಜಾಗಗಳಿರುತ್ತವೆ. ಸುರಿದ ದ್ರವ ಅಲ್ಲೇ ಇಳಿದು ಹೋಗುತ್ತದೆ, ಪಟ್ಟಿ ಎಲ್ಲೂ ಕೂಡುವುದಿಲ್ಲ. ಎರಡನ್ನೂ ಕೈಬಿಡಲಾಯಿತು. ಕೆರೆ ತುಂಬಿರುವವರೆಗೆ ನೆಲದ ತೇವ ಇದ್ದೇ ಇರುತ್ತದೆ. ಅದನ್ನು ಆದಷ್ಟು ಕಡಿಮೆ ಮಾಡಿ, ಬಂದದ್ದು ಕೆಳಗೇ, ಕಲ್ಲಿನ ಮಟ್ಟದಲ್ಲೇ ಆರಿಹೋಗಲು ದಾರಿ ಬಿಡುವುದು ಇಲ್ಲಿಯ ದುರಸ್ತಿಯ ಗುರಿ.

ಮೊದಲು ಮಾಡು

ಮೇಲಿನ ನೀರು ನಿಲ್ಲದೆ ಕೆಳಗಿನ ಗೋಡೆ ಒಣಗದು. ಕೋಲಾರದಲ್ಲಿ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಸಂಕ್ರಾಂತಿ ಕಳೆದು ಮಾಡಿನ ಕೆಲಸ ಹಿಡಿದರೆ ಬೇಸಿಗೆ ಪೂರ್ತಿ ಕೈಗೆ ಸಿಗುತ್ತದೆ.

ಮದ್ರಾಸ್ ತಾರಸಿಯಲ್ಲಿ ಜಂತೆಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸುಣ್ಣದಲ್ಲಿ ಕಟ್ಟಿರುತ್ತಾರೆ. ಮೇಲೆ ಇಟ್ಟಿಗೆ ಜೆಲ್ಲಿಯ ಸುಣ್ಣದ ಕಾಂಕ್ರೀಟು. ಕೆಳಗಿನ ಇಟ್ಟಿಗೆ ಪದರ ಗಟ್ಟಿಯಿತ್ತು. ಮೇಲಿನ ಕಾಂಕ್ರೀಟಿಗೆ ಯಾರೋ ಸಿಮೆಂಟ್ ಕೋಟು ಹಾಕಿದ್ದರು, ಅದು ಬಿರುಕು ಬಿಟ್ಟು ನೀರನ್ನು ಒಳಗೆ ಬಿಟ್ಟು ಹೊರಗೆ ಬಿಡದೆ ಕೂತಿತ್ತು. ಅಷ್ಟನ್ನೂ ಕೈ ಉಳಿಯಲ್ಲಿ ಎಬ್ಬಿಸಲಾಯಿತು. ಬ್ರೇಕರ್ ಯಂತ್ರ ಇಟ್ಟರೆ ಅದರ ಅದುರಿಗೆ ಕೆಳಗಿನ ಇಟ್ಟಿಗೆ ಸಾಲು ಜಾರಿ ಬೀಳುತ್ತದೆ.

ಜಂತೆಗಳನ್ನು ಒಂದೊಂದಾಗಿ ದಬ್ಬಳದಿಂದ ಚುಚ್ಚಿ, ಕೊಡತಿಯಿಂದ ತಟ್ಟಿ ನೋಡಬೇಕು. ನಡುವೆ ಎಲ್ಲವೂ ಚೆನ್ನಾಗಿರುತ್ತವೆ. ಕೊಳೆಯುವುದು ಗೋಡೆಯೊಳಗೆ ಹೂತ ತುದಿ. ನಾಲ್ಕರಲ್ಲಿ ದಬ್ಬಳ ಎರಡಿಂಚು ಸಲೀಸಾಗಿ ಇಳಿಯಿತು. ಇಡೀ ಜಂತೆ ಬದಲಿಸದೆ, ಕೊಳೆತ ತುದಿ ಕತ್ತರಿಸಿ, ಹಳೇ ತೇಗದ ತುಂಡನ್ನು ಓರೆ ಜೋಡಣೆಯಲ್ಲಿ ಕೂಡಿಸಿ ಸ್ಟೈನ್‌ಲೆಸ್ ಬೋಲ್ಟ್ ಬಿಗಿಯಲಾಯಿತು. ಹೊಸ ತುದಿ ಕೂರುವ ಕಡೆ ಚಪ್ಪಡಿ ಕಲ್ಲಿನ ತುಂಡು, ಸುತ್ತ ಅರ್ಧ ಇಂಚು ಗಾಳಿಗೆ ಜಾಗ. ತುದಿಯನ್ನು ಗಾರೆಯಲ್ಲಿ ಬಿಗಿದು ಮುಚ್ಚಿದರೆ ಮತ್ತೆ ಅದೇ ಕಥೆ.

ಕಾಂಕ್ರೀಟಿಗೆ 20 ಮಿ.ಮೀ. ಇಟ್ಟಿಗೆ ಜೆಲ್ಲಿ, ಹಿಂದಿನ ರಾತ್ರಿಯೇ ನೀರಲ್ಲಿ ನೆನೆದದ್ದು. ಒಂದು ಪಾಲು ಸುಣ್ಣದ ಬೆಣ್ಣೆಗೆ (ಅರಳಿಸಿ ನೀರಿನಡಿ ಇಟ್ಟ ಸುಣ್ಣ) ಎರಡು ಪಾಲು ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ, ಬೆರೆಸಿದ ಗಾರೆ. ಎರಡೂವರೆ ಬಾಂಡ್ಲಿ ಜೆಲ್ಲಿಗೆ ಒಂದು ಬಾಂಡ್ಲಿ ಗಾರೆ. ಐದಿಂಚು ಹರಡಿದ್ದು ಬಡಿದು ನಾಲ್ಕಿಂಚಿಗೆ ಇಳಿಯಬೇಕು. ಮಳೆನೀರು ಹೊರಬೀಳುವ ಹರನಾಳದ ಕಡೆಗೆ ಐವತ್ತಕ್ಕೆ ಒಂದು ಇಳಿಜಾರು, ರಸಮಟ್ಟದಲ್ಲಿ ನೋಡಿ ದಾರ ಕಟ್ಟಿದ್ದು.

ಬಡಿಯುವಾಗ ಚಿಮುಕಿಸುವ ನೀರಿಗೆ ಅಳಲೆಕಾಯಿ, ಬೆಲ್ಲ. ಹತ್ತು ಚದರ ಮೀಟರಿಗೆ 600 ಗ್ರಾಂ ಅಳಲೆ ಜಜ್ಜಿ, 200 ಗ್ರಾಂ ಬೆಲ್ಲದ ಜೊತೆ 40 ಲೀಟರ್ ನೀರಲ್ಲಿ 12ರಿಂದ 24 ಗಂಟೆ ನೆನೆಸಿ, ಸೋಸಿದ ತಿಳಿ. ಇಲ್ಲಿಯ ನಾಲ್ಕು ಚದರಕ್ಕೆ 150 ಲೀಟರ್ ಆಸುಪಾಸು. ಬೆಲ್ಲ ಹೆಚ್ಚು ಹಾಕಿದರೆ ಗಟ್ಟಿ ಅನ್ನುವ ನಂಬಿಕೆ ಗಾರೆ ಕೆಲಸದವರಲ್ಲಿ ಇದೆ. ಹೆಚ್ಚಾದರೆ ಸುಣ್ಣ ಕಚ್ಚುವುದು ತಡವಾಗುತ್ತದೆ, ಇರುವೆ ಬೇರೆ. ಮರದ ಬಡಿಗೆಯಲ್ಲಿ ವಾರವಿಡೀ ಬಡಿಯಬೇಕು. ಮೊದಲ ದಿನ ಬಡಿಗೆ ಹೂತುಕೊಳ್ಳುತ್ತದೆ, ಆಮೇಲೆ ಹಾಲಿನಂತಹ ತಿಳಿ ಮೇಲೆ ಬರುತ್ತದೆ, ಕೊನೆಗೆ ಬಡಿಗೆ ಕೈಗೆ ಹಿಂದಕ್ಕೆ ಎಗರುತ್ತದೆ. ಎಗರಿದ ಮೇಲೂ ಬಡಿದರೆ ಕಚ್ಚಿದ ಸುಣ್ಣ ಒಡೆಯುತ್ತದೆ. ಮುಗಿದ ಮೇಲೆ ಎರಡು ವಾರ ಒದ್ದೆ ಗೋಣಿತಾಟು.

ಅಡುಗೆಮನೆಯ ಮಾಳಿಗೆಗೆ ಚೌಳು ಮಣ್ಣನ್ನು ಪೂರ್ತಿ ತೆಗೆದು, ನೂರಕ್ಕೆ ಎಂಟು ಪಾಲು ಸುಣ್ಣ ಬೆರೆಸಿದ ಕೆಮ್ಮಣ್ಣು ದಮ್ಮಸು ಬಡಿದು, ಮೇಲೆ ಸುಣ್ಣದ ಕಾಂಕ್ರೀಟಿನದೇ ತೆಳು ಪದರ ಕೊಡಲಾಯಿತು. ಹಳೇ ಪದ್ಧತಿಯಿಂದ ದೂರ ಸರಿದದ್ದು ಇಲ್ಲೊಂದೇ ಕಡೆ. ವರ್ಷ ವರ್ಷ ಮಣ್ಣು ಎಳೆಯುವ ಶಕ್ತಿ ಮನೆಯವರಿಗೆ ಇಲ್ಲ ಅಂದಮೇಲೆ ಹಳೆಯದನ್ನೇ ಹಿಡಿದು ಕೂರುವುದರಲ್ಲಿ ಅರ್ಥವಿಲ್ಲ.

ಸುತ್ತಲಿನ ನೆಲ

ರಸ್ತೆಯನ್ನು ಇಳಿಸುವುದು ಮನೆಯವರ ಕೈಯಲ್ಲಿಲ್ಲ. ಜಗಲಿ ಬುಡಕ್ಕೂ ರಸ್ತೆಗೂ ನಡುವೆ ಇದ್ದ ಎರಡೂವರೆ ಅಡಿ ಜಾಗ ಮನೆಯದೇ. ಅಲ್ಲಿ ಮಣ್ಣು ತೆಗೆದು ಹೂತಿದ್ದ ಮೆಟ್ಟಿಲು ಹೊರಬರುವಷ್ಟು ತಗ್ಗು ಮಾಡಿ, ರಸ್ತೆ ಅಂಚಿಗೆ ಚಪ್ಪಡಿ ಕಲ್ಲು ನಿಲ್ಲಿಸಲಾಯಿತು.

ಬೀದಿ ಬದಿ ಮತ್ತು ಬಡಗಣ ಬದಿಗೆ ಒಟ್ಟು 46 ಅಡಿ ಜೆಲ್ಲಿ ಕಾಲುವೆ: ಒಂದೂವರೆ ಅಡಿ ಅಗಲ, ಎರಡೂವರೆ ಅಡಿ ಆಳ, ಜಾಗ ಇದ್ದ ಬಡಗಣದಲ್ಲಿ ಗೋಡೆಯಿಂದ ಮೂರಡಿ ಆಚೆ. ಆಳ ತಳಪಾಯದ ತಳಕ್ಕಿಂತ ಮೇಲೇ ನಿಲ್ಲಬೇಕು. ತಳಪಾಯದ ಪಕ್ಕ ಅದಕ್ಕಿಂತ ಆಳ ತೋಡಿದರೆ ಮಣ್ಣಿನ ಕೆಸರಿನ ಗೋಡೆ ಕಾಲುವೆಗೇ ಜಾರುತ್ತದೆ. ಒಳ್ಳೇ ಉದ್ದೇಶದಿಂದ ಬಿದ್ದ ಗೋಡೆಗಳು ಬೇಕಾದಷ್ಟಿವೆ. ಮಣ್ಣು ತಡೆದು ನೀರು ಬಿಡುವ ಬಟ್ಟೆ ಹಾಸಿ, 110 ಮಿ.ಮೀ. ತೂತಿನ ಪಿವಿಸಿ ಪೈಪನ್ನು ನೂರಕ್ಕೆ ಒಂದರ ಇಳಿಜಾರಲ್ಲಿ ಇಟ್ಟು, 40 ಮಿ.ಮೀ. ಜೆಲ್ಲಿ ತುಂಬಿ, ಬಟ್ಟೆಯನ್ನೇ ಮೇಲೆ ಮಡಿಸಿ ಮುಚ್ಚುವುದು. ಇಂಗುಗುಂಡಿಗೆ ಬಿಡುವ ಯೋಚನೆ ಬಂತು. ಅಂತರ್ಜಲ ಐದಡಿಗೆ ಏರುವ ಕಡೆ ಇಂಗುಗುಂಡಿ ತುಂಬಿ ನೀರನ್ನು ವಾಪಸ್ ಕಳಿಸುತ್ತದೆ. ಹಿತ್ತಲ ಆಚೆಯ ಗದ್ದೆ ಕಾಲುವೆ ಜೆಲ್ಲಿ ಕಾಲುವೆಗಿಂತ ಒಂದೂವರೆ ಅಡಿ ತಗ್ಗಿನಲ್ಲಿತ್ತು, ನೀರು ಅಲ್ಲಿಗೆ ಹೋಯಿತು.

ಸಿಮೆಂಟ್ ಬಿಡಿಸುವುದು, ಗೋಡೆ ಕಟ್ಟುವುದು

ಸಿಮೆಂಟ್ ಗಾರೆಯನ್ನು ಮೇಲಿನಿಂದ ಕೆಳಕ್ಕೆ, ನಾಲ್ಕಡಿ ನಾಲ್ಕಡಿ ಪಟ್ಟಿಯಾಗಿ, ಒಂದು ಪಟ್ಟಿ ಬಿಟ್ಟು ಒಂದು ತೆಗೆಯಬೇಕು. ಗೋಡೆಯ ಹಿಟ್ಟಾದ ಮಣ್ಣನ್ನು ಕೆಲವು ಕಡೆ ಹಿಡಿದಿದ್ದದ್ದು ಆ ಸಿಮೆಂಟ್ ಹಲಗೆಯೇ. ತೆಗೆಯುವ ಮುಂಚೆ ಮಾಡಿನ ಭಾರವನ್ನು ನೀಲಗಿರಿ ಕಂಬ, ಅಡ್ಡ ಹಲಗೆ, ಬೆಣೆಗಳ ಮೇಲೆ ತೆಗೆದುಕೊಳ್ಳಬೇಕು. ಬೆಣೆ ಬಿಗಿಯುವಾಗ ತೊಲೆ ಮೇಲೇಳಬಾರದು, ಭಾರ ಹಿಡಿದರೆ ಸಾಕು.

ಹೊಟ್ಟೆ ಬಿಟ್ಟ ಏಳಡಿ ಉದ್ದದ ಭಾಗ ಕೈಗೆ ಸಿಕ್ಕ ಹಾಗೆ ಬಂತು. ಕಲ್ಲುಗಳಿಗೆ ಸೀಮೆಸುಣ್ಣದಲ್ಲಿ ನಂಬರು ಹಾಕಿ, ಅಂಗಳದಲ್ಲಿ ಅದೇ ಸಾಲಿನಲ್ಲಿ ಜೋಡಿಸಿ, ತೊಳೆದು ವಾಪಸ್ ಕಟ್ಟಲಾಯಿತು. ಹಳೇ ಗೋಡೆಯ ದೋಷವೂ ಆಗ ಕಂಡಿತು: ಎರಡು ಮೈಗಳನ್ನು ಬೇರೆ ಬೇರೆ ಕಟ್ಟಿ ನಡುವೆ ಚೂರು ತುಂಬಿದ್ದರು, ಅಡ್ಡ ಹಾಯುವ ಕಟ್ಟುಗಲ್ಲು ಒಂದೂ ಇರಲಿಲ್ಲ. ಹೊಸದಾಗಿ ಕಟ್ಟುವಾಗ ಉದ್ದ, ಎತ್ತರ ಎರಡರಲ್ಲೂ ಮೂರಡಿಗೊಂದರಂತೆ ಎರಡಡಿ ಕಟ್ಟುಗಲ್ಲು ಸೇರಿತು. ಗಾರೆ: ಒಂದು ಸುಣ್ಣ, ಒಂದು ಸುರ್ಕಿ, ನಾಲ್ಕು ಮರಳು. ಹಳೇ ಮಣ್ಣನ್ನು ಜರಡಿ ಹಿಡಿದು ಮತ್ತೆ ಬಳಸುವ ಆಸೆ ಬೇಡ. ಉಪ್ಪು ಇರುವುದೇ ಅದರಲ್ಲಿ.

ಸುಣ್ಣದ ಕಲ್ಲನ್ನು ಗುಂಡಿಯಲ್ಲಿ ಅರಳಿಸುವಾಗ ನೀರಿಗೆ ಕಲ್ಲು ಹಾಕಬೇಕು, ಕಲ್ಲಿಗೆ ನೀರಲ್ಲ. ಕೊತಕೊತ ಕುದಿಯುತ್ತದೆ; ಕಣ್ಣಿಗೆ ಕನ್ನಡಕವಿಲ್ಲದೆ ಯಾರೂ ಗುಂಡಿ ಬಳಿ ನಿಲ್ಲಬಾರದು. ಮೂರು ಮಿ.ಮೀ. ಜರಡಿಯಲ್ಲಿ ಸೋಸಿ, ಮೇಲೆ ನೀರು ನಿಲ್ಲಿಸಿ ಎರಡು ತಿಂಗಳು ಬಿಟ್ಟರೆ ಬೆಣ್ಣೆಯಾಗುತ್ತದೆ. ಅರಳದ ಕಾಳು ಉಳಿದರೆ ಗೋಡೆಗೆ ಬಳಿದ ಮೇಲೆ ಅರಳಿ, ಗಾರೆಯನ್ನು ಕಡಲೆ ಗಾತ್ರದ ಗುಳಿಯಾಗಿ ಹಾರಿಸುತ್ತದೆ. ಎಂ ಸ್ಯಾಂಡ್ ಬಳಸುವುದಾದರೆ ತೊಳೆದೇ ಬಳಸಬೇಕು, ಅದರ ಧೂಳು ಸುಣ್ಣದ ಗಾರೆಯಲ್ಲಿ ಜಾಲಬಿರುಕು ತರುತ್ತದೆ. ನೀರಿನ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು: ಬೋರ್‌ವೆಲ್ ನೀರು ಗಡಸು, ಉಪ್ಪನ್ನು ಹೊರಗಿಟ್ಟು ಉಪ್ಪುನೀರಲ್ಲಿ ಗಾರೆ ಕಲಸಿದರೆ ಏನು ಬಂತು. ತೊಟ್ಟಿಯ ಮಾಡಿನಿಂದ ಹಿಡಿದ ಮಳೆನೀರನ್ನೇ ಸಿಂಟೆಕ್ಸ್ ಟ್ಯಾಂಕಿನಲ್ಲಿ ಕೂಡಿಡಲಾಯಿತು.

ಉಪ್ಪು ಎಳೆಯುವ ಲೇಪ

ಬಿಡಿಸಿದ ಗೋಡೆ ಒಂದು ಬೇಸಿಗೆ ಬರಿಮೈಯಲ್ಲಿ ಒಣಗಿತು. ಒಣಗುವ ಲೆಕ್ಕ ತಿಂಗಳಿಗೆ ಒಂದಿಂಚು; ಎರಡೂ ಬದಿಯಿಂದ ಆರಿದರೂ ಎರಡಡಿ ಗೋಡೆಗೆ ವರ್ಷ ಬೇಕು. ಅಷ್ಟು ಕಾಯುವ ಪರಿಸ್ಥಿತಿ ಮನೆಯಲ್ಲಿರಲಿಲ್ಲ. ವಾಸ ಇರುವ ನಡುಮನೆಗೆ ಲೇಪ ಹಾಕಲಾಯಿತು.

ನೆನೆಸಿ ರುಬ್ಬಿದ ಕಾಗದದ ತಿರುಳು ಎರಡು ಪಾಲು, ಬಿಳಿ ಜೇಡಿ ಒಂದು, ತೊಳೆದ ಮರಳು ಒಂದು. ಆರ್‌ಒ ನೀರಲ್ಲಿ ಕಲಸಿ ಮುಕ್ಕಾಲು ಇಂಚು ದಪ್ಪ ಮೆತ್ತುವುದು. ಗೋಡೆಯ ಪುಡಿಯನ್ನು ಒಣ ಬ್ರಷ್ಷಿನಲ್ಲಿ ಮೊದಲು ತೆಗೆದು, ಅದೇ ನೀರಲ್ಲಿ ಲಘುವಾಗಿ ಒದ್ದೆ ಮಾಡದಿದ್ದರೆ ಲೇಪ ಮೂರನೇ ದಿನಕ್ಕೆ ಇಡಿಯಾಗಿ ಕಳಚಿ ಬೀಳುತ್ತದೆ. ಲೇಪದ ನೀರು ಗೋಡೆಯ ಉಪ್ಪನ್ನು ಕರಗಿಸುತ್ತದೆ, ಆರುವಾಗ ಉಪ್ಪು ನೀರಿನ ಜೊತೆ ಲೇಪಕ್ಕೆ ಬರುತ್ತದೆ. ಎರಡು ಮೂರು ವಾರಕ್ಕೆ ಒಣಗಿ ಬಿರುಕು ಬಿಟ್ಟ ಕೂಡಲೇ ತೆಗೆಯಬೇಕು. ಮಳೆಯ ತೇವಕ್ಕೆ ಬಿಟ್ಟರೆ ಉಪ್ಪು ಗೋಡೆಗೇ ವಾಪಸ್.

ಅಳೆಯಲು ಪ್ರಯೋಗಾಲಯ ಬೇಡ. ನೀರಲ್ಲಿ ಕರಗಿದ ಉಪ್ಪನ್ನು ತೋರಿಸುವ, ಫಿಲ್ಟರ್ ಅಂಗಡಿಯ ಟಿಡಿಎಸ್ ಮೀಟರ್ ಸಾಕು: ತೆಗೆದ ಲೇಪ 10 ಗ್ರಾಂ, ಆರ್‌ಒ ನೀರು 100 ಮಿ.ಲೀ., ಒಂದು ಗಂಟೆ ಬಿಟ್ಟು ಮೀಟರ್ ಅದ್ದುವುದು. ಬಳಸದ ಲೇಪದ ಓದನ್ನು ಕಳೆಯಬೇಕು. ಬಡಗಣ ಗೋಡೆಯಲ್ಲಿ ಮೊದಲ ಸಲ 2,600, ಎರಡನೇ ಸಲ 1,300, ಮೂರನೇ ಸಲ 700. ನಾಲ್ಕನೆಯದಕ್ಕೂ 650 ಬಂದಾಗ ನಿಲ್ಲಿಸಲಾಯಿತು. ಆಮೇಲೆ ಬರುವುದು ಗೋಡೆಯ ಆಳದ ಉಪ್ಪು, ಅದಕ್ಕೆ ಲೇಪದ ಕೈ ನಿಲುಕದು.

ಲೇಪ ತೆಗೆದ ಗೋಡೆಗೆ ಐದಡಿ ಎತ್ತರದವರೆಗೆ ಬಂದದ್ದು ಬಲಿಗಾರೆ: ಒಂದು ಸುಣ್ಣ, ಅರ್ಧ ಸುರ್ಕಿ, ಮೂರೂವರೆ ದಪ್ಪ ಮರಳು. ಕರಣೆಯಿಂದ ನುಣುಪು ಮಾಡದೆ ಮರದ ಹಲಗೆಯಲ್ಲಿ ಒರಟಾಗಿ ಬಿಟ್ಟದ್ದು. ಉಳಿದ ಉಪ್ಪು ಇದರಲ್ಲಿ ಬಂದು ಕೂರಲಿ, ಇದು ಉದುರಲಿ, ಹಿಂದಿನ ಸಂದಿನ ಗಾರೆ ಉಳಿಯಲಿ ಎಂಬ ಲೆಕ್ಕ. ಸುಣ್ಣ ಬಳಿಯುವಾಗ ಚೆನ್ನಾಗಿ ಹಿಡಿಯಲಿ ಅಂತ ಹಿಡಿ ಉಪ್ಪು ಹಾಕುವುದು ಹಳ್ಳಿಯಲ್ಲಿ ರೂಢಿ. ಬಳಿಯುವವರನ್ನು ಒಬ್ಬಿಬ್ಬರಾಗಿ ತಡೆದು ಹೇಳಬೇಕಾದ ವಿಷಯ ಇದು. ಪುಟ್ಟಿ, ಪ್ರೈಮರ್, ಎಮಲ್ಷನ್ ಯಾವುದೂ ಬೇಡ. ತೆಳು ಸುಣ್ಣ ಐದು ಸಲ.

ಕುಸಿದ ಕಂಬದ ತೊಂದರೆ ಮರದ್ದಲ್ಲ. ಅಡಿಗಲ್ಲಿನ ಕೆಳಗಿನ ಮಣ್ಣು ತೊಟ್ಟಿಯ ಮುಚ್ಚಿಹೋದ ಹರಿಗಂಡಿಯಿಂದ ಸೋರಿದ ನೀರಿಗೆ ಮೆತ್ತಗಾಗಿತ್ತು. ತೊಲೆಗೆ ಊರೆ ಕೊಟ್ಟು, ಕಲ್ಲು ಎತ್ತಿ, ಕೆಳಗೆ ಸುಣ್ಣದ ಕಾಂಕ್ರೀಟು ಬಡಿದು ಕೂರಿಸಿದ್ದಾಯಿತು. ಹರಿಗಂಡಿ ಬಿಡಿಸಿದ್ದೂ ಅದೇ ದಿನ.

ನಡುಮನೆಯ ಟೈಲ್ಸ್ ಪೂರ್ತಿ ತೆಗೆಯಲು ಯಜಮಾನತಿ ಒಪ್ಪಲಿಲ್ಲ. ಒರೆಸಲು ಸುಲಭ ಅಂತ, ಮೊಣಕಾಲು ನೋವಿನವರ ಮಾತು ತಳ್ಳಿಹಾಕುವಂಥದಲ್ಲ. ಗೋಡೆಯ ಉದ್ದಕ್ಕೂ ಒಂದಡಿ ಪಟ್ಟಿ ಮಾತ್ರ ಕಿತ್ತು, ಅಲ್ಲಿ ಇಟ್ಟಿಗೆ ಚೂರಿನ ಮೇಲೆ ಸುಣ್ಣದಲ್ಲಿ ಕಲ್ಲುಚಪ್ಪಡಿ ಹಾಸಿ, ಸಂದನ್ನು ಸುಣ್ಣದಲ್ಲೇ ತುಂಬಲಾಯಿತು. ಟೈಲ್ಸ್ ಕೆಳಗಿನ ತೇವ ಗೋಡೆಗೆ ಓಡುವ ಬದಲು ಅಲ್ಲಿ ಹೊರಬರಲಿ ಎಂದು.

ಒಂದು ಮಳೆಗಾಲದ ನಂತರ

ಮಾಡು ಸೋರಲಿಲ್ಲ. ಬೀದಿ ಗೋಡೆಯ ಹೊರಮೈ ಮಳೆಯ ಮಾರನೇ ದಿನವೇ ಒಣಗುತ್ತಿದೆ. ಬಡಗಣ ಗೋಡೆಯಲ್ಲಿ ಒಂದಡಿ ಎತ್ತರದ ತೇವ 14ರಿಂದ 9ಕ್ಕೆ ಇಳಿದಿದೆ, ಐದಡಿಯಲ್ಲಿ 2ಕ್ಕೆ. ಬಿಳಿ ಪುಡಿ ಈಗ ಎರಡಡಿಯೊಳಗೇ ಬರುತ್ತಿದೆ, ಬಲಿಗಾರೆಯ ಮೇಲೆ, ಬರಬೇಕಾದ ಕಡೆಯೇ. ಅದನ್ನು ಒಣ ಬ್ರಷ್ಷಿನಲ್ಲಿ ಮೊರಕ್ಕೆ ಉದುರಿಸಿ ಮನೆಯಿಂದಾಚೆ ಚೆಲ್ಲಬೇಕು. ಒದ್ದೆ ಬಟ್ಟೆ ಹಿಡಿದರೆ ಉಪ್ಪು ಕರಗಿ ಒಳಗೇ ಹೋಗುತ್ತದೆ. ಬೆರಳಲ್ಲಿ ಒತ್ತಿದರೆ ಗಾರೆ ಉದುರುವ ಹಂತ ಬಂದ ಭಾಗವನ್ನಷ್ಟೇ ಕೆರೆದು ಹೊಸದು ಬಳಿಯುವುದು. ಎರಡು ಮೂರು ವರ್ಷಕ್ಕೊಮ್ಮೆ ಈ ಕೆಲಸ ಬೀಳುತ್ತದೆ ಎಂದು ಮನೆಯವರಿಗೆ ಮುಂಚೆಯೇ ಹೇಳಿದೆ, ಎರಡು ಡ್ರಮ್ ಸುಣ್ಣದ ಬೆಣ್ಣೆ ಹಿತ್ತಲಲ್ಲಿ ನೀರಿನಡಿ ಇದೆ.

ಕೊಟ್ಟಿಗೆ ಗೋಡೆ ಹಾಗೇ ಉಳಿದಿದೆ. ಅಲ್ಲೂ ಹಾಕಿ ನೋಡಿದ ಎರಡು ಲೇಪದ ನಂತರವೂ ಮೀಟರಿನ ಓದು ಇಳಿಯಲಿಲ್ಲ. ಅಲ್ಲಿ ಅಟ್ಯಾಚ್ಡ್ ಬಾತ್‌ರೂಮ್ ಕಟ್ಟಬೇಕೆಂಬುದು ಮಕ್ಕಳ ಯೋಚನೆ; ಕಟ್ಟುವುದಾದರೆ ಹಳೇ ಗೋಡೆಗೆ ತಾಗದಂತೆ ಮೂರಿಂಚು ಬಿಟ್ಟು ತೆಳು ಗೋಡೆ ಬೇರೆಯೇ ನಿಲ್ಲಿಸಿ, ಆ ಸಂದಿಗೆ ಮೇಲೂ ಕೆಳಗೂ ಗಾಳಿಕಂಡಿ ಬಿಡಬೇಕು, ಪೈಪುಗಳೆಲ್ಲ ಹೊಸ ಗೋಡೆಯಲ್ಲೇ ಹೋಗಬೇಕು. ಅದರ ನಕ್ಷೆ ಕೊಟ್ಟಾಗಿದೆ.